ಸಣ್ಣ ನಳಿಗೆಯ ಮದ್ದು

ಕನ್ನಡದಲ್ಲಿ ಮದ್ದು ಎಂಬುದು ಬಹಳ ವಿಚಿತ್ರವಾದ ಮಾತು. ಜ್ವರ ಬಂದವನಿಗೆ ಅರೆದು ಕುಡಿಸುವುದೂ ಮದ್ದೇ, ಹಗೆಯ ಊಟದಲ್ಲಿ ಗುಟ್ಟಾಗಿ ಬೆರೆಸುವುದೂ ಮದ್ದೇ, ಕೋವಿಯ ನಳಿಗೆಯಲ್ಲಿ ತುಂಬಿ ಸಿಡಿಸುವುದೂ ಮದ್ದೇ. ಕಿಟ್ಟೆಲರು ತಮ್ಮ ನಿಘಂಟಿನಲ್ಲಿ ಔಷಧವನ್ನೂ ಸಿಡಿಮದ್ದನ್ನೂ ಒಂದೇ ಪದದ ಕೆಳಗೆ ಕೂರಿಸಿದ್ದಾರೆ. ಈ ಮೂರು ಮದ್ದುಗಳಿಗೂ ಸಮಾನವಾದ ಗುಣ ಒಂದಿದೆ: ಅಳತೆ. ಅಳತೆ ತಪ್ಪಿದ ಔಷಧ ವಿಷವಾಗುವಂತೆ, ಅಳತೆ ತಪ್ಪಿದ ಕೋವಿಮದ್ದು ಹಿಡಿದವನನ್ನೇ ತಿನ್ನುತ್ತದೆ. ಈ ಹೊತ್ತಿನ ಭಾಷಣದಲ್ಲಿ ನಾನು ಹೇಳಹೊರಟಿರುವುದು ಈ ಅಳತೆಯ ಕಥೆ. ಅದರಲ್ಲಿಯೂ ಚರೆಕೋವಿಯ ಸಣ್ಣ ತೋಟೆಗಳಿಗೆ ಮನೆಯಲ್ಲಿಯೇ ಕುಳಿತು ಮದ್ದು ಆರಿಸಿ ತುಂಬುವ ಜನರ ಕಥೆ. ಜೀವಮಾನವೆಲ್ಲ ಹಳಗನ್ನಡ ಪಾಠ ಹೇಳಿದವನಿಗೆ ಕೋವಿಯ ಗೊಡವೆ ಏಕೆ ಎಂದು ನೀವು ಕೇಳಬಹುದು. ನಾನು ಕೋವಿ ಹಿಡಿದವನಲ್ಲ. ಒಂದು ಪದದ ಬೆನ್ನು ಹತ್ತಿ ಹೊರಟು ಈ ಕಾಡಿಗೆ ಬಂದವನು. ಆ ಪದ ಯಾವುದೆಂಬುದನ್ನು ಮುಂದೆ ಹೇಳುತ್ತೇನೆ.

ಕೋವಿಯ ಸುತ್ತಲಿನ ನಮ್ಮ ಮಾತುಗಳೆಲ್ಲ ಒಂದೊಂದು ದಿಕ್ಕಿನಿಂದ ಬಂದವು. ಕೋವಿ ನಮ್ಮದೇ, ಕೊಳವೆ ಎಂಬ ಅರ್ಥದ್ದು. ತುಪಾಕಿ ತುರ್ಕಿಯಿಂದ ಬಂದಿತು. ಬಂದೂಕು ಎಂಬುದು ಅರಬ್ಬಿಯಲ್ಲಿ ಮೊದಲು ಒಂದು ಬಗೆಯ ಕಾಯಿಯ ಹೆಸರಾಗಿದ್ದು, ಆಮೇಲೆ ಆ ಕಾಯಿಯ ಗಾತ್ರದ ಗುಂಡಿಗೆ, ಕಡೆಗೆ ಗುಂಡು ಹಾರಿಸುವ ಆಯುಧಕ್ಕೆ ಸಂದಿತು. ಕೇಪು ಇಂಗ್ಲಿಷಿನದು. ಮಲೆನಾಡಿನಲ್ಲಿ ಇಂದಿಗೂ ಜನ ಕೋವಿಗಳನ್ನು ಎರಡೇ ಜಾತಿಯಾಗಿ ವಿಂಗಡಿಸುತ್ತಾರೆ: ಕೇಪಿನ ಕೋವಿ, ತೋಟೆಕೋವಿ. ಬಾಯಿಯಿಂದ ಮದ್ದು ಸುರಿದು, ಗಜದಿಂದ ಜಡಿದು, ಕೇಪಿಟ್ಟು ಹೊಡೆಯುವುದು ಮೊದಲಿನದು. ಮದ್ದು, ಚರೆ, ಕೇಪುಗಳನ್ನೆಲ್ಲ ಒಂದೇ ಕೊಳವೆಯೊಳಗೆ ಅಡಗಿಸಿಕೊಂಡ ತೋಟೆಯನ್ನು ಹಿಂಬದಿಯಿಂದ ಇಟ್ಟು ಹೊಡೆಯುವುದು ಎರಡನೆಯದು. ವಿದ್ವಾಂಸರು ಎರಡು ಸಂಪುಟಗಳಲ್ಲಿ ಬರೆಯುವ ಇತಿಹಾಸವನ್ನು ನಮ್ಮ ರೈತರು ಎರಡು ಪದಗಳಲ್ಲಿ ಮುಗಿಸಿದ್ದಾರೆ.

ಸುಮಾರು ಆರು ಶತಮಾನಗಳ ಕಾಲ ಕೋವಿಗೆ ಇದ್ದದ್ದು ಒಂದೇ ಮದ್ದು, ಕರಿಮದ್ದು. ನೂರರಲ್ಲಿ 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ ಎಂಬುದು ಕೊನೆಗೆ ನೆಲೆನಿಂತ ಪ್ರಮಾಣ. ಟಿಪ್ಪುವಿನ ರಾಕೆಟ್ಟುಗಳ ಹೊಟ್ಟೆಯಲ್ಲಿದ್ದದ್ದೂ ಇದೇ ಮೂರರ ಕೂಟ. ಆ ಕಥೆ ಎಲ್ಲರಿಗೂ ತಿಳಿದದ್ದಾದ್ದರಿಂದ ಇಲ್ಲಿ ಎತ್ತುವುದಿಲ್ಲ. ಯೂರೋಪಿನ ಯುದ್ಧಗಳಿಗೆ ಬೇಕಾದ ಪೆಟ್ಲುಪ್ಪಿನ ದೊಡ್ಡ ಭಾಗ ಬಿಹಾರದ ಮಣ್ಣಿನಿಂದ, ಪಾಟ್ನಾದ ಗೋದಾಮುಗಳ ಮೂಲಕ ಹಡಗೇರುತ್ತಿತ್ತೆಂಬುದನ್ನು ಮಾತ್ರ ನೆನಪಿಸುತ್ತೇನೆ. ಕರಿಮದ್ದಿನ ಕಾಲದಲ್ಲಿ ಮದ್ದನ್ನು ಆರಿಸುವುದೆಂದರೆ ಹರಳಿನ ಗಾತ್ರವನ್ನು ಆರಿಸುವುದು, ಅಷ್ಟೆ. ಸಣ್ಣ ಹರಳು ಬೇಗ ಉರಿಯುತ್ತದೆ, ದಪ್ಪ ಹರಳು ನಿಧಾನವಾಗಿ. ಈ ಮದ್ದಿಗೆ ಹೊಗೆ ವಿಪರೀತ. ಉರಿದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗದೆ ಹೊಗೆಯೂ ಮಸಿಯೂ ಆಗಿ ಉಳಿಯುತ್ತದೆ. ಆದರೆ ಅದಕ್ಕೊಂದು ದೊಡ್ಡ ಗುಣವಿತ್ತು. ಅದು ಕ್ಷಮಿಸುತ್ತಿತ್ತು. ಕೈ ತುಸು ಧಾರಾಳವಾಗಿ ಹೆಚ್ಚು ಬಿದ್ದರೆ ಭುಜಕ್ಕೆ ಒದೆ ಹೆಚ್ಚು, ಹೊಗೆ ಹೆಚ್ಚು. ಒಳ್ಳೆಯ ನಳಿಗೆಯಾದರೆ ಅಷ್ಟಕ್ಕೇ ಮುಗಿಯುತ್ತಿತ್ತು. ಆದ್ದರಿಂದಲೇ ಅದನ್ನು ತೂಗುವ ಗೋಜಿಗೆ ಯಾರೂ ಹೋಗಲಿಲ್ಲ. ಹಿತ್ತಾಳೆಯ ಒಂದು ಪುಟ್ಟ ಸೌಟು, ಅದರಲ್ಲಿ ತುಂಬಿ ತಲೆ ಸವರಿ ಸುರಿಯುವುದು. ನಮ್ಮಲ್ಲಿ ಸೇರು ಪಾವುಗಳಲ್ಲಿ ಅಕ್ಕಿ ಅಳೆದಂತೆ.

ಆ ಸೌಟಿನ ಮೇಲೆ ಕೆತ್ತಿರುತ್ತಿದ್ದ ಅಳತೆಯ ಹೆಸರು ಡ್ರಾಮ್. ನಾನು ಬೆನ್ನು ಹತ್ತಿದ ಪದ ಇದೇ. ಹದಿನಾರು ಡ್ರಾಮಿಗೆ ಒಂದು ಔನ್ಸು, ಹದಿನಾರು ಔನ್ಸಿಗೆ ಒಂದು ಪೌಂಡು. ಒಂದು ಡ್ರಾಮ್ ಎಂದರೆ ನಮ್ಮ ಲೆಕ್ಕದಲ್ಲಿ 1.77 ಗ್ರಾಂ. ಮೂಲದಲ್ಲಿ ಇದು ಗ್ರೀಕರ ದ್ರಖ್ಮ; ಅವರಲ್ಲಿ ತೂಕವೂ ಹೌದು, ನಾಣ್ಯವೂ ಹೌದು. ಅದೇ ಪದ ಪೂರ್ವಕ್ಕೆ ನಡೆದು ಬಂದು ದ್ರಮ್ಮವಾಯಿತು. ನಮ್ಮ ಶಾಸನಗಳಲ್ಲಿ ದಾನದ ಲೆಕ್ಕವನ್ನು ಓದುತ್ತಾ ದ್ರಮ್ಮವನ್ನು ಎಷ್ಟು ಬಾರಿ ದಾಟಿ ಹೋಗಿದ್ದೇನೆಯೋ! ಭಾಸ್ಕರಾಚಾರ್ಯರ 1150ರ ಲೀಲಾವತಿಯ ಮೊದಲಲ್ಲೇ ಬರುವ ಕೋಷ್ಟಕದಲ್ಲಿ ಹದಿನಾರು ಪಣಕ್ಕೆ ಒಂದು ದ್ರಮ್ಮ, ಹದಿನಾರು ದ್ರಮ್ಮಕ್ಕೆ ಒಂದು ನಿಷ್ಕ. ಒಂದು ಕವಲು ನಮ್ಮ ದೇವಾಲಯಗಳ ನಂದಾದೀಪದ ಲೆಕ್ಕಕ್ಕೆ ಬಂದು ಸೇರಿತು. ಇನ್ನೊಂದು ಇಂಗ್ಲೆಂಡಿನ ಬೇಟೆಗಾರನ ಮದ್ದಿನ ಸೌಟಿಗೆ. ಎರಡೂ ಕಡೆ ಹದಿನಾರರ ಲೆಕ್ಕ ಕಾಣುವುದು ಕಾಕತಾಳೀಯವೇ ಇರಬಹುದು. ಆದರೆ ರೂಪಾಯಿಗೆ ಹದಿನಾರಾಣೆ ಎಣಿಸಿದ ಹಿರಿಯರ ಮನೆಯಲ್ಲಿ ಬೆಳೆದ ನನ್ನಂಥವನಿಗೆ ಅದು ಮುದ ಕೊಡುತ್ತದೆ.

ಕೋವಿಯ ಗಾತ್ರದ ಲೆಕ್ಕವೂ ಇಂಥದೇ ಹಳೆಯ ತಕ್ಕಡಿಯಿಂದ ಬಂದದ್ದು. ಹನ್ನೆರಡು ಬೋರಿನ ಕೋವಿ ಎಂದರೆ, ಅದರ ನಳಿಗೆಯಲ್ಲಿ ಸರಿಯಾಗಿ ಹಿಡಿಸುವ ಸೀಸದ ಗುಂಡುಗಳು ಪೌಂಡಿಗೆ ಹನ್ನೆರಡು ತೂಗುತ್ತವೆ ಎಂದು ಅರ್ಥ. ಇಪ್ಪತ್ತು ಬೋರಿನದಾದರೆ ಪೌಂಡಿಗೆ ಇಪ್ಪತ್ತು, ಇಪ್ಪತ್ತೆಂಟರದಾದರೆ ಇಪ್ಪತ್ತೆಂಟು. ಸಂಖ್ಯೆ ಏರಿದಂತೆ ನಳಿಗೆ ಕಿರಿದಾಗುತ್ತದೆ. ಎಲ್ಲಕ್ಕಿಂತ ಕಿರಿಯದಾದ ಚರೆಕೋವಿಗೆ ಮಾತ್ರ ಈ ಲೆಕ್ಕವಿಲ್ಲ. ಅದನ್ನು ನಳಿಗೆಯ ಅಗಲವನ್ನೇ ಅಂಗುಲದಲ್ಲಿ ಹೇಳಿ ನಾನೂರಹತ್ತು ಎನ್ನುತ್ತಾರೆ. ಅಂಗುಲದ ಸಾವಿರ ಪಾಲಿನಲ್ಲಿ 410 ಪಾಲು, ಎಂದರೆ ಹತ್ತು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. ನಮ್ಮ ಕಿರುಬೆರಳಿನ ತುದಿಯೂ ಹೋಗದಷ್ಟು. ಇಂಗ್ಲೆಂಡಿನಲ್ಲಿ ಇದನ್ನು ತೋಟಗಾರನ ಕೋವಿ ಎಂದು ಕರೆಯುತ್ತಿದ್ದರು. ಕೈಗೋಲಿನೊಳಗೆ ಇಂಥ ನಳಿಗೆಯನ್ನು ಅಡಗಿಸಿ ಮಾರುತ್ತಿದ್ದುದೂ ಉಂಟು.

ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ ಫೋರ್ಸೈತ್ ಎಂಬ ಸ್ಕಾಟ್ಲೆಂಡಿನ ಪಾದ್ರಿ ಬಡಿತದಿಂದ ಕಿಡಿ ಹುಟ್ಟಿಸುವ ವಿದ್ಯೆಗೆ 1807ರಲ್ಲಿ ಹಕ್ಕುಪತ್ರ ಪಡೆದ. ಅವನ ಚಕಮಕಿ ಕೋವಿಯ ಬೆಳಕು ಕಂಡು ಹಕ್ಕಿಗಳು ಗುಂಡು ತಲುಪುವ ಮೊದಲೇ ಹಾರಿಹೋಗುತ್ತಿದ್ದುದೇ ಇದಕ್ಕೆ ಕಾರಣವೆಂದು ಹೇಳುತ್ತಾರೆ. ಆ ಬಳಿಕ ತಾಮ್ರದ ಕೇಪು ಬಂದಿತು. ಪ್ಯಾರಿಸಿನ ಕುಶಲಿಗರ ಕೈಯಲ್ಲಿ ತೋಟೆಯೂ ಹಿಂಬದಿಯಿಂದ ತೆರೆಯುವ ಕೋವಿಯೂ ರೂಪುಗೊಂಡವು. ಶತಮಾನದ ಉತ್ತರಾರ್ಧಕ್ಕೆ ಬರುವಷ್ಟರಲ್ಲಿ ಇಂಗ್ಲೆಂಡಿನ ಹಳ್ಳಿಯ ದೊಡ್ಡ ಮನೆಗಳಲ್ಲಿ ಮಳೆಯ ಸಂಜೆಗಳ ಕೆಲಸವೇ ಇದಾಯಿತು. ಮೇಜಿನ ಮೇಲೆ ಖಾಲಿ ತೋಟೆಗಳನ್ನು ಸಾಲಾಗಿ ನಿಲ್ಲಿಸಿ, ಕೇಪು ಕೂರಿಸಿ, ಸೌಟಿನಿಂದ ಮದ್ದು ಹೊಯ್ದು, ಮೇಲೆ ಉಣ್ಣೆಯ ಬಿಲ್ಲೆ ಒತ್ತಿ, ಚರೆ ತುಂಬಿ, ಅಂಚನ್ನು ಒಂದು ಕೈಯಂತ್ರದಿಂದ ಒಳಕ್ಕೆ ಮಡಿಸುವುದು. ಮನೆಯಲ್ಲಿ ತೋಟೆ ತುಂಬುವ ಕಲೆಯ ಮೊದಲ ಯುಗ ಇದು. ಮದ್ದು ಒಂದೇ, ಸೌಟು ಒಂದೇ. ತಂದೆಯಿಂದ ಮಗನಿಗೆ ಬರುತ್ತಿದ್ದ ಮಾತು ಇಷ್ಟೇ: ನಮ್ಮ ಕೋವಿಗೆ ಮೂರು ಡ್ರಾಮ್.

ಈ ನೆಮ್ಮದಿಯನ್ನು ಕೆಡಿಸಿದ್ದು ಒಬ್ಬ ರಸಾಯನಶಾಸ್ತ್ರಜ್ಞ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಪ್ರಾಧ್ಯಾಪಕ ಷೋನ್‌ಬೈನ್. ಹತ್ತಿಯನ್ನು ನೈಟ್ರಿಕ್ ಮತ್ತು ಗಂಧಕಾಮ್ಲಗಳ ಮಿಶ್ರಣದಲ್ಲಿ ಅದ್ದಿ ತೊಳೆದು ಒಣಗಿಸಿದರೆ ಅದು ನೋಡುವುದಕ್ಕೆ ಹತ್ತಿಯಾಗಿಯೇ ಇರುತ್ತದೆ, ಕಿಡಿ ಸೋಕಿದರೆ ಹೊಗೆಯಿಲ್ಲದೆ ಕಣ್ಣೆವೆ ಇಕ್ಕುವುದರೊಳಗೆ ಮಾಯವಾಗುತ್ತದೆ ಎಂಬುದನ್ನು ಅವನು 1846ರಲ್ಲಿ ಪ್ರಕಟಿಸಿದ. ಅಡಿಗೆಮನೆಯಲ್ಲಿ ಚೆಲ್ಲಿದ ಆಮ್ಲವನ್ನು ಹೆಂಡತಿಯ ಮುಂಗವಚದಿಂದ ಒರೆಸಿ ಒಲೆಯ ಬಳಿ ಒಣಗಲು ಹಾಕಿದಾಗ ಅದು ಭುಗ್ಗೆಂದಿತೆಂಬುದು ದಂತಕಥೆ. ಒಂದು ಮಾತನ್ನು ಇಲ್ಲಿ ಸೇರಿಸದೆ ಇರಲಾರೆ: ಕಿಟ್ಟೆಲರು ಮಿಷನ್ನಿನ ವಿದ್ಯಾರ್ಥಿಯಾಗಿ ಬಾಸೆಲ್ಲಿನಲ್ಲಿದ್ದದ್ದು 1853ರಲ್ಲಿ ಅವರು ಭಾರತಕ್ಕೆ ಹೊರಡುವುದಕ್ಕೆ ಮೊದಲಿನ ವರ್ಷಗಳಲ್ಲಿ. ಅದೇ ಊರಿನಲ್ಲಿ ಷೋನ್‌ಬೈನ್ ಆಗ ಪಾಠ ಹೇಳುತ್ತಿದ್ದ. ಮದ್ದು ಎಂಬ ಪದಕ್ಕೆ ಕನ್ನಡದಲ್ಲಿ ಅರ್ಥ ಬರೆದವರೂ, ಮದ್ದಿನ ಅರ್ಥವನ್ನೇ ಬದಲಾಯಿಸಿದವನೂ ಕೆಲವು ಕಾಲ ಒಂದೇ ಊರಿನ ಗಾಳಿ ಕುಡಿದವರು.

ಸಿಡಿಹತ್ತಿ ಬೇಗನೆ ಬಲಿ ಕೇಳಿತು. ಇಂಗ್ಲೆಂಡಿನ ಫೇವರ್ಷಮ್‌ನಲ್ಲಿ ಅದನ್ನು ತಯಾರಿಸತೊಡಗಿದ ಕಾರ್ಖಾನೆ 1847ರ ಜುಲೈ 14ರಂದು ಸಿಡಿದುಹೋಯಿತು. ಸತ್ತವರು ಹದಿನೆಂಟಕ್ಕೆ ಕಡಿಮೆಯಿಲ್ಲ. ಹತ್ತಿಯ ಎಳೆಯೊಳಗೆ ಆಮ್ಲದ ಲೇಶ ಉಳಿದಿದ್ದರೂ ಅದು ತಾನಾಗಿ ಕೆಡುತ್ತಾ, ಬಿಸಿಯೇರುತ್ತಾ ಸಿಡಿಯುತ್ತದೆ. ಎಳೆಗಳನ್ನು ಕುಟ್ಟಿ ಹಿಟ್ಟು ಮಾಡಿ ಮತ್ತೆ ಮತ್ತೆ ತೊಳೆಯಬೇಕೆಂದು ಫ್ರೆಡರಿಕ್ ಏಬಲ್ ತೋರಿಸಿದ್ದು 1865ರಲ್ಲಿ. ಅದಾದ ಮೇಲೂ, 1871ರ ಆಗಸ್ಟಿನಲ್ಲಿ, ಸ್ಟೋಮಾರ್ಕೆಟ್ ಎಂಬ ಊರಿನ ಕಾರ್ಖಾನೆ ಸಿಡಿದು ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಅದನ್ನು ನಡೆಸುತ್ತಿದ್ದ ಪ್ರೆಂಟಿಸ್ ಮನೆತನದ ಇಬ್ಬರೂ ಅವರಲ್ಲಿ ಸೇರಿದ್ದರು.

ಹೀಗೆ ಹುಚ್ಚು ಹಿಡಿದ ಕುದುರೆಯಂತಿದ್ದ ಈ ವಸ್ತುವನ್ನು ಚರೆಕೋವಿಗೆ ಪಳಗಿಸಿಕೊಟ್ಟವನು ಪ್ರಷ್ಯದ ಸೈನ್ಯಾಧಿಕಾರಿ ಷುಲ್ಟ್ಸೆ. ಅವನು ಹತ್ತಿಯನ್ನು ಬಿಟ್ಟು ಮರದ ಚೂರುಗಳನ್ನು ಆಮ್ಲದಲ್ಲಿ ಹದಗೊಳಿಸಿದ. 1860ರ ದಶಕದ ಕೊನೆಯ ಹೊತ್ತಿಗೆ ಅವನ ಮದ್ದು ಇಂಗ್ಲೆಂಡಿಗೆ ಬಂದು, ಹ್ಯಾಂಪ್‌ಷೈರಿನ ನ್ಯೂ ಫಾರೆಸ್ಟ್ ಕಾಡಿನೊಳಗೆ ಅದಕ್ಕೊಂದು ಕಾರ್ಖಾನೆಯೂ ಹುಟ್ಟಿತು. ಹನ್ನೊಂದು ವರ್ಷದ ಹಿಂದೆ ಸಿಡಿದಿದ್ದ ಅದೇ ಸ್ಟೋಮಾರ್ಕೆಟ್ಟಿನಿಂದ 1882ರಲ್ಲಿ ಇ.ಸಿ. ಎಂಬ ಮದ್ದು ಹೊರಟಿತು. ಈ ಇಬ್ಬರು ತಯಾರಕರೂ ಮಾಡಿದ ಒಂದು ಜಾಣತನವನ್ನು ಗಮನಿಸಬೇಕು. ಹೊಸ ಮದ್ದಿನ ಬಲ ಹೆಚ್ಚು; ಕರಿಮದ್ದಿನ ಅರ್ಧ ತೂಕವೇ ಸಾಕಾಗುತ್ತಿತ್ತು. ಆದರೆ ಜನರ ಮನೆಯಲ್ಲಿದ್ದದ್ದು ತಕ್ಕಡಿಯಲ್ಲ, ಸೌಟು. ಆದ್ದರಿಂದ ಅವರು ಮದ್ದಿನ ಕಾಳನ್ನು ಅರಳಿನಂತೆ ಹಗುರವಾಗಿ, ಉಬ್ಬಿಸಿ ಮಾಡಿದರು. ಮೂರು ಡ್ರಾಮಿನ ಹಳೆಯ ಸೌಟಿನ ತುಂಬ ಹೊಸ ಮದ್ದನ್ನು ತುಂಬಿದರೆ ತೂಕ ಅರ್ಧ, ಕೆಲಸ ಅಷ್ಟೇ. ಹಳೆಯ ರೂಢಿಗೆ ಇಷ್ಟು ಮರ್ಯಾದೆ ಕೊಟ್ಟ ಹೊಸತನ ತಂತ್ರವಿದ್ಯೆಯ ಚರಿತ್ರೆಯಲ್ಲಿ ಅಪರೂಪವೆಂದೇ ನನ್ನ ಎಣಿಕೆ.

ಆ ಮರ್ಯಾದೆ ಬಹುಕಾಲ ಉಳಿಯಲಿಲ್ಲ. ಫ್ರಾನ್ಸಿನ ವಿಯೇಲ್ 1884ರಲ್ಲಿ ಸಿಡಿಹತ್ತಿಯನ್ನು ದ್ರವಗಳಲ್ಲಿ ಕರಗಿಸಿ ಅಂಟಿನಂತೆ ಮಾಡಿ, ಲಟ್ಟಿಸಿ, ತುಂಡರಿಸುವ ವಿದ್ಯೆಯನ್ನು ಕಂಡುಕೊಂಡ. 1887ರಲ್ಲಿ ಆಲ್ಫ್ರೆಡ್ ನೊಬೆಲ್ ಅದಕ್ಕೆ ನೈಟ್ರೊಗ್ಲಿಸರಿನ್ನನ್ನೂ ಬೆರೆಸಿ ಬ್ಯಾಲಿಸ್ಟೈಟ್ ಮಾಡಿದ. ಎರಡು ವರ್ಷ ಕಳೆದು ಇಂಗ್ಲೆಂಡಿನಲ್ಲಿ ಹುರಿಯಂತೆ ಎಳೆದ ಕಾರ್ಡೈಟ್ ಬಂದಿತು. ಇವುಗಳಿಂದ ಹುಟ್ಟಿದ ಚರೆಕೋವಿಯ ಮದ್ದುಗಳು ಒತ್ತಾದವು, ತೂಕದವು. ಈಗ ಸೌಟಿನ ಮಾತು ಬಾಂಬಿನ ಮಾತಾಯಿತು. ಮೂರು ಡ್ರಾಮಿನ ಸೌಟಿನಲ್ಲಿ ಇಂಥ ಮದ್ದನ್ನು ತುಂಬಿದವನು ತನಗರಿವಿಲ್ಲದೆ ಕೋವಿ ತಾಳಬಲ್ಲದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ತುಂಬಿದ್ದ.

ಇದರ ಒಳಗುಟ್ಟು ಇಷ್ಟು. ಕರಿಮದ್ದಿನ ಉರಿಯ ವೇಗ ಒತ್ತಡಕ್ಕೆ ಅಷ್ಟಾಗಿ ಹೆದರುವುದಿಲ್ಲ. ಹೊಗೆಯಿಲ್ಲದ ಮದ್ದಾದರೋ ಒತ್ತಡ ಹೆಚ್ಚಿದಷ್ಟೂ ವೇಗವಾಗಿ ಉರಿಯುತ್ತದೆ; ವೇಗವಾಗಿ ಉರಿದಷ್ಟೂ ಒತ್ತಡವನ್ನು ಹೆಚ್ಚಿಸುತ್ತದೆ. ಸಾಲದ ಮೇಲಿನ ಚಕ್ರಬಡ್ಡಿಯಂತೆ. ಬಯಲಿನಲ್ಲಿ ಒಂದು ಚಿಟಿಕೆ ಇಟ್ಟು ಬೆಂಕಿ ಸೋಕಿಸಿದರೆ ಅದು ಕರಿಮದ್ದಿಗಿಂತ ಸಾಧುವಾಗಿ ಉರಿಯುತ್ತದೆ. ಇದೇ ಹಲವರನ್ನು ಮೋಸಗೊಳಿಸಿತು. ಮುಚ್ಚಿದ ನಳಿಗೆಯೊಳಗೆ ಅದರ ಸ್ವಭಾವವೇ ಬೇರೆ. ಆ ಕಾಲದ ನಳಿಗೆಗಳು ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೆಣೆದು ಸುತ್ತಿ ಬೆಸೆದು ಮಾಡಿದಂಥವು; ನೋಡುವುದಕ್ಕೆ ರೇಷ್ಮೆಯ ಸೀರೆಯ ಅಂಚಿನಂತೆ ಚೆಲುವಾದವು. ಅಂಥ ಎಷ್ಟೋ ಕೋವಿಗಳು ಈ ಬದಲಾವಣೆಯ ವರ್ಷಗಳಲ್ಲಿ ಒಡೆದವು, ಮತ್ತು ಒಡೆದದ್ದು ಸಾಮಾನ್ಯವಾಗಿ ಎಡಗೈ ಹಿಡಿಯುವ ಜಾಗದ ಸಮೀಪದಲ್ಲೇ. ಲಂಡನ್ ಮತ್ತು ಬರ್ಮಿಂಗ್‌ಹ್ಯಾಮಿನ ಪರೀಕ್ಷಾಗೃಹಗಳು ಹೊಸ ಮದ್ದನ್ನು ತಾಳುವ ನಳಿಗೆಗಳಿಗೆ ಬೇರೆಯೇ ಮುದ್ರೆ ಒತ್ತತೊಡಗಿದ್ದು ಇದರಿಂದಾಗಿಯೇ.

ಈಗ ಒಂದು ವಿಚಿತ್ರ ನಡೆಯಿತು. ಕರಿಮದ್ದು ಹೋಯಿತು, ಸೌಟು ಹೋಯಿತು, ಆದರೆ ಡ್ರಾಮ್ ಹೋಗಲಿಲ್ಲ. ಮೂರು ಡ್ರಾಮಿನ ಪೆಟ್ಟು ಎಂದರೆ ಎಂಥದು ಎಂಬುದು ಕೊಳ್ಳುವವನ ಭುಜಕ್ಕೆ ಗೊತ್ತಿತ್ತು. ಆದ್ದರಿಂದ ಕಾರ್ಖಾನೆಗಳು ತೋಟೆಯ ಡಬ್ಬಿಯ ಮೇಲೆ ಸಮಾನ ಡ್ರಾಮ್ ಎಂಬ ಲೆಕ್ಕವನ್ನು ಅಚ್ಚು ಹಾಕಿದವು. ಮೂರು ಡ್ರಾಮ್ ಕರಿಮದ್ದು ಎಷ್ಟು ವೇಗ ಕೊಡುತ್ತಿತ್ತೋ ಅಷ್ಟು ವೇಗ ಕೊಡುವ ತೋಟೆ ಎಂದು ಅದರ ಅರ್ಥ. ಒಳಗಿರುವ ಮದ್ದಿನ ತೂಕಕ್ಕೂ ಆ ಮೂರಕ್ಕೂ ಯಾವ ಸಂಬಂಧವೂ ಇಲ್ಲ. ತದ್ಭವಗಳ ಪಾಠ ಹೇಳುವಾಗ, ವಸ್ತು ಸತ್ತ ಮೇಲೂ ಹೆಸರು ಬದುಕುವುದಕ್ಕೆ ನಾನು ಕಾಸು, ಆಣೆಗಳ ಉದಾಹರಣೆ ಕೊಡುತ್ತಿದ್ದೆ; ಕಾಸಿಲ್ಲದ ಕಾಲದಲ್ಲೂ ನಾವು ಕಾಸಿಗೆ ಕಾಸು ಕೂಡಿಸುತ್ತೇವೆ. ಆ ಹೆಸರುಗಳಿಂದ ಯಾರ ಕೈಯೂ ಹೋಗಲಿಲ್ಲ. ಡ್ರಾಮಿನಿಂದ ಹೋಯಿತು. ಡಬ್ಬಿಯ ಮೇಲಿನ ಅಂಕಿಯನ್ನು ಮದ್ದಿನ ತೂಕವೆಂದೇ ತಿಳಿದು, ಖಾಲಿ ತೋಟೆಗೆ ತಾನೂ ಅಷ್ಟೇ ತುಂಬಲು ಕುಳಿತವನಿಗೆ ಆ ಪದ ಯಮಪಾಶವಾಗಬಹುದಿತ್ತು. ಇಂದಿನ ತಯಾರಕರು ವೇಗವನ್ನೇ ನೇರವಾಗಿ ಅಚ್ಚು ಹಾಕುವುದು ಹೆಚ್ಚುತ್ತಿದೆ. ಆದರೂ ಸಮಾನ ಡ್ರಾಮ್ ಅಮೆರಿಕದ ಡಬ್ಬಿಗಳಿಂದ ಪೂರ್ತಿಯಾಗಿ ಅಳಿದಿಲ್ಲ.

ಅಮೆರಿಕದ ಹೆಸರು ಬಂದಿತು. ಮನೆಯಲ್ಲಿ ತೋಟೆ ತುಂಬುವ ಎರಡನೆಯ ಯುಗ ಅಲ್ಲಿಯದು, ಅದಕ್ಕೆ ಕಾರಣ ಒಂದು ಆಟ. 1920ರ ದಶಕದಲ್ಲಿ ಮ್ಯಾಸಚೂಸೆಟ್ಸಿನ ಆಂಡೋವರ್ ಎಂಬಲ್ಲಿ ಚಾರ್ಲ್ಸ್ ಡೇವಿಸ್ ಎಂಬಾತನೂ ಅವನ ಗೆಳೆಯರೂ ಹಕ್ಕಿಬೇಟೆಯ ಅಭ್ಯಾಸಕ್ಕೆಂದು ಮಣ್ಣಿನ ಬಿಲ್ಲೆಗಳನ್ನು ಹಾರಿಸಿ ಹೊಡೆಯುವ ಆಟವೊಂದನ್ನು ಕಟ್ಟಿದರು. ಪತ್ರಿಕೆಯೊಂದು ನೂರು ಡಾಲರ್ ಬಹುಮಾನವಿಟ್ಟು ಹೆಸರು ಕೇಳಿದಾಗ, ಮೊಂಟಾನದ ಗರ್ಟ್ರೂಡ್ ಹರ್ಲ್‌ಬಟ್ ಎಂಬ ಮಹಿಳೆ ಕೊಟ್ಟ ಸ್ಕೀಟ್ ಎಂಬ ಹೆಸರು 1926ರಲ್ಲಿ ಗೆದ್ದಿತು. ಈ ಆಟದಲ್ಲಿ ನಾಲ್ಕು ಗಾತ್ರದ ಕೋವಿಗಳಿಗೂ ಬೇರೆ ಬೇರೆ ಸ್ಪರ್ಧೆ ಏರ್ಪಟ್ಟಿತು: ಹನ್ನೆರಡು, ಇಪ್ಪತ್ತು, ಇಪ್ಪತ್ತೆಂಟು ಮತ್ತು ನಾನೂರಹತ್ತು. ಅಭ್ಯಾಸಕ್ಕೆ ಸಾವಿರಾರು ತೋಟೆಗಳು ಬೇಕು. ಸಣ್ಣ ತೋಟೆಯಲ್ಲಿ ಚರೆಯೂ ಮದ್ದೂ ಕಡಿಮೆ. ಆದರೆ ಕಡಿಮೆ ಜನ ಕೊಳ್ಳುವುದರಿಂದ ಅದರ ಬೆಲೆ ದೊಡ್ಡದಕ್ಕಿಂತ ಹೆಚ್ಚು. ಹೀಗಾಗಿ ಸಣ್ಣ ಕೋವಿಯವರೇ ಮನೆಯಲ್ಲಿ ತುಂಬುವುದಕ್ಕೆ ಮೊದಲು ಕೈಹಾಕಿದವರಲ್ಲಿ ಸೇರಿದ್ದು ಆಶ್ಚರ್ಯವಲ್ಲ.

ಅವರಿಗೆ ಎದುರಾದ ಸಮಸ್ಯೆ ನನಗೆ ತುಂಬ ರುಚಿಸಿದ ಭಾಗ. ಸಣ್ಣ ಕೋವಿಗೆ ಚುರುಕಾದ ಮದ್ದು, ದೊಡ್ಡದಕ್ಕೆ ನಿಧಾನದ್ದು ಎಂದು ಯಾರಿಗಾದರೂ ಮೊದಲು ತೋರುತ್ತದೆ. ನಿಜ ಇದಕ್ಕೆ ತಲೆಕೆಳಗು. ಲೆಕ್ಕ ಹಾಕಿ ನೋಡೋಣ. ಹನ್ನೆರಡು ಬೋರಿನ ಸಾಮಾನ್ಯ ತೋಟೆ ಒಂದೂಕಾಲರೆ, ಎಂದರೆ ಒಂದು ಮತ್ತು ಎಂಟನೆಯ ಒಂದು ಔನ್ಸು ಚರೆಯನ್ನು ತಳ್ಳುತ್ತದೆ. ನಾನೂರಹತ್ತರ ಗಿಡ್ಡ ತೋಟೆ ತಳ್ಳುವುದು ಅರ್ಧ ಔನ್ಸು ಮಾತ್ರ. ಆದರೆ ಅದರ ನಳಿಗೆಯ ಬಾಯಿ ಹನ್ನೆರಡರ ಬಾಯಿಯ ಮೂರನೆಯ ಒಂದು ಪಾಲಿಗಿಂತಲೂ ಕಡಿಮೆ. ಬಾಯಿಯ ವಿಸ್ತೀರ್ಣಕ್ಕೆ ಇಂತಿಷ್ಟು ಎಂದು ಹಂಚಿದರೆ ಸಣ್ಣ ಕೋವಿಯ ಮದ್ದಿನ ತಲೆಯ ಮೇಲೆ ಬೀಳುವ ಹೊರೆ ದೊಡ್ಡದರದಕ್ಕಿಂತ ಸುಮಾರು 40 ಪ್ರತಿಶತ ಹೆಚ್ಚು. ಅಗಲವಾದ ಬಾಗಿಲಿನಲ್ಲಿ ನಾಲ್ಕು ಜನ ಸರಾಗವಾಗಿ ಹೊರಬೀಳುತ್ತಾರೆ. ಇಕ್ಕಟ್ಟಿನ ಓಣಿಯಲ್ಲಿ ಒಬ್ಬರ ಹಿಂದೊಬ್ಬರು ನಿಂತ ಇಬ್ಬರನ್ನು ಹಿಂದಿನಿಂದ ನೂಕಬೇಕಾದರೆ ಬಲ ಬೇರೆಯೇ ಬೇಕು. ಚುರುಕಾದ ಮದ್ದು ಆ ಉದ್ದನೆಯ ಚರೆಕಂಬ ಅಲುಗುವುದಕ್ಕೆ ಮೊದಲೇ ಉರಿದು ಮುಗಿದು, ಒತ್ತಡವನ್ನು ಒಮ್ಮೆಲೇ ಮುಗಿಲಿಗೇರಿಸುತ್ತದೆ. ಇಲ್ಲಿ ಬೇಕಾದದ್ದು ತಡೆದು ತಡೆದು ಉರಿಯುತ್ತಾ, ಚರೆ ನಳಿಗೆಯಲ್ಲಿ ಮುಂದೆ ಸಾಗಿದಂತೆ ಬೆನ್ನ ಹಿಂದೆ ನೂಕುತ್ತಾ ಬರುವ ಮದ್ದು. ಅಮೆರಿಕದ ತಯಾರಕರ ಒಪ್ಪಂದದ ಮಿತಿಗಳೇ ಈ ಮಾತನ್ನು ಹೇಳುತ್ತವೆ: ಹನ್ನೆರಡು ಬೋರಿನ ಸಾಮಾನ್ಯ ತೋಟೆಗೆ ಒತ್ತಡದ ಮಿತಿ ಚದರ ಅಂಗುಲಕ್ಕೆ 11,500 ಪೌಂಡು, ಇಪ್ಪತ್ತಕ್ಕೆ 12,000, ಇಪ್ಪತ್ತೆಂಟಕ್ಕೆ 12,500, ನಾನೂರಹತ್ತರ ಮೂರಂಗುಲದ ತೋಟೆಗೆ 13,500. ಹಕ್ಕಿ ಓಡಿಸುವ ತೋಟಗಾರನ ಆಟಿಕೆಯೆಂದು ಜನ ತಿಳಿದಿದ್ದ ಕೋವಿಯ ಎದೆಯೊಳಗೇ ಎಲ್ಲಕ್ಕಿಂತ ಹೆಚ್ಚಿನ ಒತ್ತಡ.

ಇಂಥ ನಿಧಾನದ ಮದ್ದು ಬಂದದ್ದು ಚರೆಕೋವಿಯ ವಂಶದಿಂದಲ್ಲ, ಬೇರೆ ಮನೆಯಿಂದ. ಅಮೆರಿಕದ ಡುಪಾಂಟ್ ಸಂಸ್ಥೆಯ ಮೂಲಪುರುಷ ಲವಾಸಿಯೇ ಬಳಿ ಮದ್ದಿನ ವಿದ್ಯೆ ಕಲಿತವನು. 1802ರಲ್ಲಿ ಡೆಲವೇರ್ ಪ್ರಾಂತದ ಹೊಳೆಯೊಂದರ ದಡದಲ್ಲಿ ಗಿರಣಿ ಹೂಡಿದ. ಒಂದು ಶತಮಾನದಲ್ಲಿ ಆ ಸಂಸ್ಥೆ ಎಷ್ಟು ಬೆಳೆಯಿತೆಂದರೆ, ನ್ಯಾಯಾಲಯ 1912ರಲ್ಲಿ ಅದನ್ನು ಒಡೆದು ಹರ್ಕ್ಯುಲಿಸ್ ಮತ್ತು ಅಟ್ಲಾಸ್ ಎಂಬ ಎರಡು ಸಂಸ್ಥೆಗಳನ್ನು ಹೊರಕ್ಕೆ ತೆಗೆಯಬೇಕಾಯಿತು. ಹರ್ಕ್ಯುಲಿಸ್ 1930ರ ದಶಕದ ಮೊದಲಲ್ಲಿ ಹೊರತಂದ 2400 ಎಂಬ ಮದ್ದು ಸಣ್ಣ ರೈಫಲ್ಲಿಗೂ ನಾನೂರಹತ್ತಕ್ಕೂ ಒಗ್ಗಿತು. ವಿಂಚೆಸ್ಟರ್ ಸಂಸ್ಥೆ ಮೂರಂಗುಲದ ತೋಟೆಯನ್ನೂ ಅದಕ್ಕೆ ತಕ್ಕ ಕೋವಿಯನ್ನೂ ತಂದದ್ದು 1933ರಲ್ಲಿ. ಅದೇ ವರ್ಷ ಫ್ರೆಡ್ ಓಲ್ಸನ್ ಎಂಬಾತ, ಮೊದಲ ಮಹಾಯುದ್ಧದಲ್ಲಿ ಉಳಿದು ಹಳಸುತ್ತಿದ್ದ ಮದ್ದನ್ನು ಶುದ್ಧಿ ಮಾಡುವ ಯತ್ನದಿಂದ ಆರಂಭಿಸಿ, ನೀರಿನೊಳಗೇ ಮದ್ದನ್ನು ಸಾಸಿವೆಕಾಳಿನಂತೆ ಉಂಡೆಗಟ್ಟಿಸುವ ವಿಧಾನವನ್ನು ಸಾಧಿಸಿದ. ನೀರಿನಲ್ಲಿರುವಷ್ಟು ಹೊತ್ತು ಅದು ಸಿಡಿಯದು. ಕಾರ್ಖಾನೆಗಳ ಹಳೆಯ ಸಾವುಗಳನ್ನು ನೆನೆದರೆ ಇದು ಸಣ್ಣ ಲಾಭವಲ್ಲ.

ಎರಡನೆಯ ಮಹಾಯುದ್ಧ ಮುಗಿದಾಗ ಸರಕಾರದ ಉಗ್ರಾಣಗಳಲ್ಲಿ ಮದ್ದಿನ ಬೆಟ್ಟಗಳೇ ಉಳಿದವು. ಕ್ಯಾನ್ಸಸ್ಸಿನ ಬ್ರೂಸ್ ಹಾಡ್ಜ್‌ಡನ್ ಎಂಬ ಗೃಹಸ್ಥ ತನ್ನ ಜೀವವಿಮೆಯ ಮೇಲೆ ಸಾಲ ತೆಗೆದು ಅದನ್ನು ಕೊಂಡ. ಹಸು ಮೇಯುವ ಬಯಲಿನಲ್ಲಿ ಹಳೆಯ ರೈಲುಡಬ್ಬಿ ನಿಲ್ಲಿಸಿ ಅದರಲ್ಲಿ ಶೇಖರಿಸಿದ. ಪತ್ರಿಕೆಯಲ್ಲಿ ಪುಟ್ಟ ಜಾಹೀರಾತು ಕೊಟ್ಟು ಮಾರಿದ. ಮನೆಯಲ್ಲಿ ತುಂಬುವವರಿಗೆ ಮದ್ದು ಸಿಗುವಂತಾದದ್ದರಲ್ಲಿ ಆ ರೈಲುಡಬ್ಬಿಯ ಪಾಲು ದೊಡ್ಡದು. ನಾನೂರಹತ್ತಕ್ಕೆ ಇಂದಿಗೂ ಜನ ಬಳಸುವ ಎಚ್ 110 ಎಂಬ ಉಂಡೆಮದ್ದನ್ನು ಮಾರಿದ್ದು ಅದೇ ಸಂಸ್ಥೆ.

ಕೆಲವು ವರ್ಷಗಳ ಹಿಂದೆ ಮಗಳ ಮನೆಗೆಂದು ವಿಸ್ಕಾನ್ಸಿನ್ನಿಗೆ ಹೋಗಿದ್ದಾಗ, ಪಕ್ಕದ ಮನೆಯ ವೃದ್ಧ ಬಡಗಿಯೊಬ್ಬರು ಕಾರು ನಿಲ್ಲಿಸುವ ಕೋಣೆಯಲ್ಲಿ ನಾನೂರಹತ್ತರ ತೋಟೆ ತುಂಬುವುದನ್ನು ನೋಡಿದೆ. ನನಗೆ ನಮ್ಮೂರಿನ ಅಕ್ಕಸಾಲಿಗನ ನೆನಪಾಯಿತು. ಅದೇ ಪುಟ್ಟ ತಕ್ಕಡಿ, ಅದೇ ಉಸಿರು ಬಿಗಿಹಿಡಿದ ಕೈ. ಗುಲಗಂಜಿಯ ಬದಲು ಅಲ್ಲಿ ಗ್ರೇನು. ಗೋಧಿ ಬಾರ್ಲಿಗಳ ಕಾಳಿನಿಂದ ಹುಟ್ಟಿ ಪೌಂಡಿಗೆ 7000 ಆಗುವ ತೂಕ. ಮೇಜಿನ ಮೇಲೆ ಒಂದು ಸಮಯಕ್ಕೆ ಒಂದೇ ಮದ್ದಿನ ಡಬ್ಬಿ ಇರಬೇಕೆಂಬುದು ಅವರ ಕಟ್ಟಳೆ. ತಯಾರಕರು ಅಚ್ಚು ಹಾಕಿಸಿದ ಕೋಷ್ಟಕ ಎದುರಿಗೆ ತೆರೆದಿತ್ತು. ತೋಟೆಯ ಕೊಳವೆ, ಕೇಪು, ಒಳಬಿಲ್ಲೆ, ಚರೆಯ ತೂಕ ಇವುಗಳಲ್ಲಿ ಯಾವುದೊಂದು ಬದಲಾದರೂ ಲೆಕ್ಕವೆಲ್ಲ ಬದಲಾಗುತ್ತದೆ, ಅಂದಾಜಿಗೆ ಇಲ್ಲಿ ಜಾಗವೇ ಇಲ್ಲ ಎಂದರು. ಗೋಡೆಯ ಮೊಳೆಯಲ್ಲಿ ಹಿತ್ತಾಳೆಯ ಒಂದು ಸೌಟು ತೂಗುತ್ತಿತ್ತು. ಅದು ಅವರ ಅಜ್ಜನ ತಮ್ಮನದಂತೆ. ಕರಿಮದ್ದಿನ ಆ ಸೌಟಿನಲ್ಲಿ ಹೊಸ ಮದ್ದನ್ನು ಅಳೆದು ಎಡಗೈಯ ಮೂರು ಬೆರಳು ಕಳೆದುಕೊಂಡರಂತೆ. ಅದನ್ನು ಮನೆಯವರು ಎಸೆಯಲೂ ಇಲ್ಲ, ಮತ್ತೆ ಮುಟ್ಟಲೂ ಇಲ್ಲ. ನಾನು ಕೈಗೆ ತೆಗೆದುಕೊಂಡು ನೋಡಿದೆ. ಹಿಡಿಯ ಮೇಲೆ ಡ್ರಾಮಿನ ಗೆರೆಗಳು ಇನ್ನೂ ಸ್ಪಷ್ಟವಾಗಿದ್ದವು.

ಮದ್ದಿನ ಕಾಳುಗಳನ್ನು ಕಣ್ಣಿನಿಂದ ಗುರುತಿಸುವುದು ಕಷ್ಟವೆಂದೇ ಹರ್ಕ್ಯುಲಿಸ್ ಸಂಸ್ಥೆ 1932ರಲ್ಲಿ ತನ್ನ ಒಂದು ಮದ್ದಿನ ಬೂದುಬಣ್ಣದ ಚಕ್ಕೆಗಳ ನಡುವೆ ಅಲ್ಲಲ್ಲಿ ಕೆಂಪು ಚಕ್ಕೆಗಳನ್ನು ಬೆರೆಸಿ ಅದಕ್ಕೆ ಕೆಂಪುಚುಕ್ಕೆ ಎಂದೇ ಹೆಸರಿಟ್ಟಿತು. ಆಮೇಲೆ ಹಸಿರು, ನೀಲಿ ಚುಕ್ಕೆಗಳೂ ಬಂದವು. ಮತ್ತೊಂದು ಬಣ್ಣದ ಕಥೆಯೂ ಉಂಟು. ಇಪ್ಪತ್ತು ಬೋರಿನ ತೋಟೆ ತಪ್ಪಿ ಹನ್ನೆರಡರ ಕೋವಿಗೆ ಬಿದ್ದರೆ ನಳಿಗೆಯೊಳಗೆ ಸ್ವಲ್ಪ ಜಾರಿ ಕಣ್ಣಿಗೆ ಕಾಣದಂತೆ ಸಿಕ್ಕಿಕೊಳ್ಳುತ್ತದೆ. ಖಾಲಿಯೆಂದು ಭಾವಿಸಿ ಹಿಂದೆ ಹನ್ನೆರಡರ ತೋಟೆಯಿಟ್ಟು ಹೊಡೆದರೆ ನಳಿಗೆ ಸೀಳುತ್ತದೆ. ಆದ್ದರಿಂದ ಅಮೆರಿಕದಲ್ಲಿ ಇಪ್ಪತ್ತರ ತೋಟೆಗಳಿಗೆಲ್ಲ ಹಳದಿ ಬಣ್ಣವನ್ನು ಮೀಸಲಿಟ್ಟರು. ಅರಿಶಿನವೆಂದರೆ ನಮಗೆ ಮಂಗಳ. ಅಲ್ಲಿ ಅದು ಎಚ್ಚರಿಕೆ.

ನಮ್ಮ ನಾಡಿನ ಮಾತನ್ನೂ ಎರಡು ಕ್ಷಣ ಆಡಬೇಕು. ಇಲ್ಲಿ ಹೊಗೆಯಿಲ್ಲದ ಮದ್ದನ್ನು ಕೊಂಡು ಮನೆಯಲ್ಲಿ ತೋಟೆ ತುಂಬುವ ರೂಢಿ ಬೆಳೆಯಲಿಲ್ಲ. 1959ರ ಆಯುಧ ಕಾಯಿದೆಯಂತೆ ಪರವಾನಗಿಯಿಲ್ಲದೆ ತೋಟೆ ತಯಾರಿಸುವಂತಿಲ್ಲ. 1972ರ ವನ್ಯಜೀವಿ ಕಾಯಿದೆ ಬೇಟೆಯ ಕಾಲವನ್ನೂ ಮುಗಿಸಿತು. ತೋಟೆಕೋವಿಯವರು ಕೊಳ್ಳುತ್ತ ಬಂದ ಹನ್ನೆರಡು ಬೋರಿನ ಶಕ್ತಿಮಾನ್ ತೋಟೆ ಪುಣೆಯ ಬಳಿಯ ಖಡಕಿಯ ಕಾರ್ಖಾನೆಯದು. ಕೊಡಗಿನವರ ಮಾತು ಬೇರೆ. 1861ರಲ್ಲಿ ಮಾರ್ಕ್ ಕಬ್ಬನ್ ಹೊರಡಿಸಿದ ಆಜ್ಞೆಯಿಂದ ಅವರಿಗೆ ಆಯುಧದ ವಿನಾಯಿತಿ ದೊರೆಯಿತು. ಆ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು. ರಾಜ್ಯದ ಉಚ್ಚ ನ್ಯಾಯಾಲಯ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಅಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಒಂದರ ಬೆನ್ನಿಗೊಂದು ಎರಡು. ಸೆಪ್ಟೆಂಬರಿನ ಕೈಲ್ ಪೊಳ್ದಿನಲ್ಲಿ ಕೋವಿಗಳನ್ನು ಸಾಲಾಗಿಟ್ಟು, ಬೆಂಕಿಯ ನಾಲಗೆಯಂಥ ಎಸಳುಗಳ ತೋಕ್ ಪೂವನ್ನು ಮುಡಿಸುತ್ತಾರೆ. ತೋಕ್ ಎಂದರೆ ಕೊಡವರ ಮಾತಿನಲ್ಲಿ ಕೋವಿ. ಹಳೆಯ ಮನೆಗಳ ಕೇಪಿನ ಕೋವಿಗಳು ಕರಿಮದ್ದಿಗೆಂದೇ ಹುಟ್ಟಿದವು. ಅಲ್ಲಿ ಮಾತ್ರ ಅಳತೆಯ ಸೌಟು ಹಿಂದಿನ ಅರ್ಥದಲ್ಲಿಯೇ ಸಲ್ಲುತ್ತದೆ.

ಹೊಗೆಯಿಲ್ಲದ ಮದ್ದಿನ ಮನೆ ನಮಗೆ ದೂರದ್ದೇನೂ ಅಲ್ಲ. ನೀಲಗಿರಿಯ ಅರುವಂಗಾಡಿನಲ್ಲಿ 1903ರಲ್ಲಿ ಕಾರ್ಡೈಟ್ ಕಾರ್ಖಾನೆ ಹುಟ್ಟಿತು. ಕೂನೂರಿನಿಂದ ಊಟಿಗೆ ಪುಟ್ಟ ರೈಲಿನಲ್ಲಿ ಹೋದವರು ಆ ಹೆಸರಿನ ನಿಲ್ದಾಣವನ್ನು ದಾಟಿಯೇ ಹೋಗಿರುತ್ತಾರೆ.